ಬೆಳ್ಗೊಳದ ಶಾಸನವೂ ಮತನಿರಪೇಕ್ಷತೆಯ ಪಾಠವೂ

ನಮ್ಮ ಪಾಠಶಾಲೆಗಳಲ್ಲಿ ಮತನಿರಪೇಕ್ಷತೆಯ ವಿಷಯವನ್ನು ಬೋಧಿಸುವ ಉಪಾಧ್ಯಾಯರು ಕನ್ನಡ ನಾಡಿನ ಚರಿತ್ರೆಯಿಂದ ಒಂದು ನಿದರ್ಶನವನ್ನು ಕೊಡಬೇಕಾಗಿ ಬಂದಾಗ, ಬುಕ್ಕರಾಯನ ಶ್ರವಣಬೆಳ್ಗೊಳದ ಶಾಸನವನ್ನು ನೆನೆಯುವುದುಂಟು. ಹಾಗೆ ನೆನೆಯುವುದು ಉಚಿತವೇ ಸರಿ. ಶಕವರ್ಷ 1290ರಲ್ಲಿ, ಎಂದರೆ ಕ್ರಿಸ್ತಶಕ 1368ರಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವ್ಯಾಜ್ಯವನ್ನು ವಿಜಯನಗರದ ಅರಸನು ತೀರಿಸಿದ ವಿವರವು ಆ ಕಲ್ಲಿನಲ್ಲಿದೆ. ಭಂಡಾರಿ ಬಸದಿಯಲ್ಲಿರುವ ಈ ಶಾಸನವನ್ನು ರೈಸ್ ಸಾಹೇಬರು 1889ರಲ್ಲಿ ಪ್ರಕಟಿಸಿದ ಬೆಳ್ಗೊಳದ ಶಾಸನಸಂಪುಟದಿಂದಲೂ, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದ ಅದೇ ಸಂಪುಟದಿಂದಲೂ ವಿದ್ವಾಂಸರು ಬಲ್ಲರು. ಆದರೆ ಇದನ್ನು ನಾವು ಮಕ್ಕಳಿಗೆ ಓದಿಸುವ ಬಗೆ ಸರಿಯಾಗಿದೆಯೇ ಎಂಬ ಸಂದೇಹವು ನನ್ನನ್ನು ಬಹುಕಾಲದಿಂದ ಬಾಧಿಸುತ್ತಿದೆ. ಆ ಸಂದೇಹವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಸಂದೇಹವು ನನ್ನಲ್ಲಿ ತಾನಾಗಿ ಹುಟ್ಟಿದುದಲ್ಲ. ಅದನ್ನು ಹುಟ್ಟಿಸಿದವಳು ಒಬ್ಬ ವಿದ್ಯಾರ್ಥಿನಿ. ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಕಾಲದಲ್ಲಿ ಒಂದು ದಿನ ಈ ಶಾಸನದ ಪ್ರಸ್ತಾಪ ಬಂದಿತು. ಅರಸನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟನು, ಇಬ್ಬರಲ್ಲಿಯೂ ಭೇದವಿಲ್ಲವೆಂದು ಸಾರಿದನು ಎಂದು ಉತ್ಸಾಹದಿಂದ ವರ್ಣಿಸಿ, ನಮ್ಮ ನಾಡಿನ ಸಮನ್ವಯ ಪರಂಪರೆಯನ್ನು ಕೊಂಡಾಡಿ ಪುಸ್ತಕ ಮುಚ್ಚುವುದರಲ್ಲಿದ್ದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಅವರ ಕೈಯಲ್ಲಿ ಕೊಟ್ಟಾಯಿತು; ಆಮೇಲೆ ಅವರು ಕೈಬಿಟ್ಟರೆ?” ಎಂದು ಕೇಳಿದಳು. ತರಗತಿಯಲ್ಲಿ ಕೆಲವರು ನಕ್ಕರು. ಅದು ಪರೀಕ್ಷೆಗೆ ಬರುವ ಪ್ರಶ್ನೆಯಲ್ಲವೆಂದು ಹೇಳಿ ಅವಳನ್ನು ಕೂರಿಸಿದೆನು. ಆ ಮಗುವಿನ ಮನೆಯವರು ಆ ಊರಿನಲ್ಲಿ ಅಲ್ಪಸಂಖ್ಯಾತ ಮತವೊಂದಕ್ಕೆ ಸೇರಿದವರೆಂಬುದು ನನಗೆ ಅನಂತರ ಹೊಳೆಯಿತು. ಅವಳು ಕೇಳಿದುದು ಬುಕ್ಕರಾಯನ ಕಾಲದ ಮಾತಾಗಿರಲಿಲ್ಲ. ಆ ಉತ್ತರವನ್ನು ಅಂದು ಕೊಡದೆ ಹೋದ ಋಣವು ನನ್ನ ಮೇಲಿದೆ.

ಮೊದಲು ಶಾಸನದ ವಸ್ತುವನ್ನು ನೋಡೋಣ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಸ್ಥಳಗಳ ಜೈನರು ಬುಕ್ಕರಾಯನ ಬಳಿಗೆ ಹೋಗಿ, ಭಕ್ತರು ತಮಗೆ ಮಾಡುತ್ತಿದ್ದ ಅನ್ಯಾಯವನ್ನು ಬಿನ್ನವಿಸಿಕೊಂಡರು. ಇಲ್ಲಿ ಭಕ್ತರೆಂದರೆ ಶ್ರೀವೈಷ್ಣವರು. ಅರಸನು ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆ ಮುಂತಾದ ಕ್ಷೇತ್ರಗಳ ಆಚಾರ್ಯರನ್ನೂ ಹದಿನೆಂಟು ನಾಡುಗಳ ಶ್ರೀವೈಷ್ಣವರನ್ನೂ ಎದುರಿಗಿಟ್ಟುಕೊಂಡು, ಜೈನರ ಕೈಯನ್ನು ಅವರ ಕೈಗೆ ಒಪ್ಪಿಸಿದನು. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ವಿಧಿಸಿದನು. ಪಂಚಮಹಾವಾದ್ಯಗಳೂ ಕಲಶವೂ ಹಿಂದಿನ ಮರ್ಯಾದೆಯಂತೆಯೇ ಜೈನರಿಗೆ ಸಲ್ಲತಕ್ಕವು. ಜೈನ ದರ್ಶನಕ್ಕೆ ಭಕ್ತರ ದೆಸೆಯಿಂದ ಹಾನಿಯಾಗಲಿ ವೃದ್ಧಿಯಾಗಲಿ ಉಂಟಾದರೆ ವೈಷ್ಣವರು ಅದನ್ನು ತಮ್ಮದೇ ಹಾನಿವೃದ್ಧಿಯೆಂದು ಎಣಿಸತಕ್ಕದ್ದು. ಈ ಕಟ್ಟಳೆಯನ್ನು ರಾಜ್ಯದ ಬಸದಿಗಳಲ್ಲೆಲ್ಲ ಕಲ್ಲಿನಲ್ಲಿ ಕೊರೆಸಿ ನಿಲ್ಲಿಸತಕ್ಕದ್ದು. ಇದು ತೀರ್ಪಿನ ಸಾರ.

ಇದಾದ ಮೇಲೆ ವ್ಯವಸ್ಥೆಯ ಭಾಗ ಬರುತ್ತದೆ. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡತಕ್ಕದ್ದು. ತಿರುಮಲೆಯ ತಾತಯ್ಯನು ಜೈನರ ಅನುಮತದಿಂದ ಆ ಹಣವನ್ನೆತ್ತಿ, ಬೆಳ್ಗೊಳದ ದೇವರ ಅಂಗರಕ್ಷೆಗಾಗಿ ಇಪ್ಪತ್ತು ಆಳುಗಳನ್ನು ನೇಮಿಸಿ, ಮಿಕ್ಕುದರಲ್ಲಿ ಜೀರ್ಣವಾದ ಜಿನಾಲಯಗಳನ್ನು ದುರಸ್ತು ಮಾಡಿಸತಕ್ಕದ್ದು. ಈ ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಕೆಡಿಸಿದವರು ಗಂಗೆಯ ತಡಿಯಲ್ಲಿ ಕಪಿಲೆಯನ್ನೂ ಬ್ರಾಹ್ಮಣನನ್ನೂ ಕೊಂದ ಪಾಪಕ್ಕೆ ಹೋಗುವರೆಂಬ ಶಾಪವೂ ಉಂಟು. ಬಳಿಕ ಕಲ್ಲೆಹದ ಬುಸುವಿಸೆಟ್ಟಿಯು ಅರಸನಿಗೆ ಬಿನ್ನವಿಸಿ, ತಾತಯ್ಯನನ್ನು ಬರಮಾಡಿಸಿ ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನೆಂದೂ, ಎರಡು ಸಮಯದವರೂ ಕೂಡಿ ಆತನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರೆಂದೂ ಹೇಳಿದೆ. ಕಲ್ಲೆಹವೆಂದರೆ ಮಾಗಡಿ ಸೀಮೆಯ ಕಲ್ಯ. ಅಲ್ಲಿಯೂ ಈ ಕಟ್ಟಳೆಯ ಇನ್ನೊಂದು ಪ್ರತಿ ದೊರೆತಿದೆ.

ಪಾಠ ಹೇಳುವವರು ಸಾಮಾನ್ಯವಾಗಿ ಇದರಲ್ಲಿ ಎರಡೇ ಸಂಗತಿಗಳನ್ನು ಉಳಿಸಿಕೊಂಡು ಉಳಿದುದನ್ನು ಬಿಟ್ಟುಬಿಡುತ್ತಾರೆ. ಕೈಗೆ ಕೈ ಸೇರಿಸಿದುದು ಒಂದು; ಭೇದವಿಲ್ಲವೆಂದು ಸಾರಿದುದು ಇನ್ನೊಂದು. ಇವೆರಡರಿಂದ ಎಲ್ಲ ಮತಗಳೂ ಹೇಳುವುದು ಒಂದನ್ನೇ, ಅದನ್ನು ನಮ್ಮ ಹಿರಿಯರು ಅರಿತಿದ್ದರು, ಅದೇ ಮತನಿರಪೇಕ್ಷತೆ ಎಂದು ನಿರ್ಣಯ ಮಾಡಿ ಮುಗಿಸುತ್ತಾರೆ. ನಾನೂ ಹಾಗೆಯೇ ಮುಗಿಸುತ್ತಿದ್ದೆನು. ಈಗ ಶಾಸನವನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರೆ, ಆ ನಿರ್ಣಯವು ಶಾಸನದಿಂದ ಹೊರಡುವುದಿಲ್ಲವೆಂದು ತೋರುತ್ತದೆ.

ಶಾಸನದ ಆರಂಭದ ಶ್ಲೋಕವನ್ನೇ ತೆಗೆದುಕೊಳ್ಳಬಹುದು. ಜೈನರ ಬಿನ್ನಪದ ಮೇಲೆ ಹುಟ್ಟಿದ, ಜೈನ ಬಸದಿಯಲ್ಲಿ ನಿಂತ ಈ ಶಾಸನವು ಮೊದಲು ಸ್ತುತಿಸುವುದು ಯತಿರಾಜನಾದ ರಾಮಾನುಜನನ್ನು. ಸ್ತುತಿಸುವ ಬಗೆಯನ್ನು ನೋಡಿದರೆ ಸೋಜಿಗವಾಗುತ್ತದೆ: ಪಾಷಂಡರೆಂಬ ಸಮುದ್ರವನ್ನು ಸುಡುವ ಬಡಬಾಗ್ನಿಯೆಂದು ಅಲ್ಲಿ ಆತನಿಗೆ ವಿಶೇಷಣ. ವೇದವನ್ನು ಪ್ರಮಾಣವೆಂದು ಒಪ್ಪದವರನ್ನು ಪಾಷಂಡರೆಂದು ಕರೆಯುವುದು ಅಂದಿನ ವೈದಿಕ ವಾದಗ್ರಂಥಗಳ ರೂಢಿ. ಆ ಲೆಕ್ಕದಲ್ಲಿ ಜೈನರೂ ಪಾಷಂಡರೇ. ಯಾರನ್ನು ಕಾಪಾಡಬೇಕೆಂದು ಕಟ್ಟಳೆಯಾಯಿತೋ ಅವರನ್ನು ಸುಡುವ ಬೆಂಕಿಯ ಸ್ತುತಿ ಅದೇ ಕಲ್ಲಿನ ತಲೆಯ ಮೇಲಿದೆ. ಶ್ರೀವೈಷ್ಣವರು ತಮ್ಮ ಸಿದ್ಧಾಂತದಲ್ಲಿ ಒಂದೆಳೆಯನ್ನೂ ಬಿಟ್ಟುಕೊಟ್ಟಿಲ್ಲ. ಜೈನರೂ ಹಾಗೆ ಬಿಡಬೇಕೆಂದು ಕೇಳಿಲ್ಲ.

ಪಾಠದಲ್ಲಿ ಈ ಶ್ಲೋಕವನ್ನು ಬಿಡುವವರ ಅಭಿಪ್ರಾಯ ಒಳ್ಳೆಯದೇ ಇರಬಹುದು. ಮಕ್ಕಳ ಮನಸ್ಸಿಗೆ ಕಹಿ ತಾಗದಿರಲೆಂದು ಅವರು ಬಯಸುತ್ತಾರೆ. ಆದರೆ ಶಾಸನದ ಹಿರಿಮೆ ಇರುವುದೇ ಈ ವಿರೋಧದಲ್ಲಿ. ಒಂದೇ ಅಭಿಪ್ರಾಯದವರು ಕೂಡಿ ಬಾಳುವುದಕ್ಕೆ ಅರಸನ ಆಜ್ಞೆ ಬೇಕಿಲ್ಲ. ಜಗತ್ತನ್ನು ಸೃಷ್ಟಿಸಿದ ಈಶ್ವರನಿದ್ದಾನೆ ಎಂಬವರೂ, ಅಂತಹ ಕರ್ತೃವಿಲ್ಲ ಎಂಬವರೂ ಒಂದೇ ಊರಿನಲ್ಲಿ, ಒಂದೇ ಬೀದಿಯಲ್ಲಿ ತಂತಮ್ಮ ವಾದ್ಯಗಳನ್ನು ನುಡಿಸಿಕೊಂಡು ಬಾಳುವುದು ಹೇಗೆ ಎಂಬುದು ಕಷ್ಟದ ಪ್ರಶ್ನೆ. ಶಾಸನವು ಎದುರಿಸಿದುದು ಆ ಪ್ರಶ್ನೆಯನ್ನು.

ಹಾಗಾದರೆ ಭೇದವಿಲ್ಲವೆಂಬ ಮಾತಿಗೆ ಅರ್ಥವೇನು? ಸಾಹಿತ್ಯವನ್ನು ಓದುವವರು ವಾಕ್ಯದ ಶಬ್ದಗಳನ್ನಷ್ಟೇ ಅಲ್ಲದೆ, ಆ ವಾಕ್ಯವನ್ನು ಯಾರು, ಯಾರಿಗೆ, ಯಾವ ಪ್ರಸಂಗದಲ್ಲಿ ಹೇಳಿದರೆಂಬುದನ್ನೂ ನೋಡುತ್ತಾರೆ. ಇದೇ ವಾಕ್ಯವನ್ನು ತತ್ತ್ವಶಾಸ್ತ್ರಜ್ಞನು ಹೇಳಿದ್ದರೆ ಅದು ಸಿದ್ಧಾಂತವಾಗುತ್ತಿತ್ತು, ತಪ್ಪು ಸಿದ್ಧಾಂತವೂ ಆಗುತ್ತಿತ್ತು. ಹೇಳಿದವನು ಅರಸ, ಹೇಳಿದ ಪ್ರಸಂಗ ವ್ಯಾಜ್ಯ, ಹೇಳಿದೊಡನೆಯೇ ಬರುವ ಮಾತು ಪಂಚಮಹಾವಾದ್ಯ, ಕಲಶ. ಆದುದರಿಂದ ಅದು ವರ್ಣನೆಯಲ್ಲ, ವಿಧಿ. ಎರಡು ದರ್ಶನಗಳು ಒಂದೆಂದು ಅರಸನು ಹೇಳಲಿಲ್ಲ. ನನ್ನ ಆಳ್ವಿಕೆಯಲ್ಲಿ ಮರ್ಯಾದೆಯನ್ನು ಹಂಚುವಾಗ ಭೇದವೆಣಿಸಕೂಡದೆಂದು ಹೇಳಿದನು. ವಿಜಯನಗರದ ಅರಸರು ತಮ್ಮ ಶಾಸನಗಳಿಗೆ ಶ್ರೀ ವಿರೂಪಾಕ್ಷನ ಅಂಕಿತವನ್ನು ಇಡುತ್ತಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಅರಸನಿಗೆ ತನ್ನದೇ ಭಕ್ತಿಯಿತ್ತು. ಅದು ಜೈನರದೂ ಅಲ್ಲ, ಶ್ರೀವೈಷ್ಣವರದೂ ಅಲ್ಲ. ತೀರ್ಪಿನಲ್ಲಿ ಆ ಭಕ್ತಿಯನ್ನು ಆತನು ತೂಕಕ್ಕೆ ಹಾಕಲಿಲ್ಲ.

ಮತನಿರಪೇಕ್ಷತೆಯ ಮೊದಲನೆಯ ತತ್ತ್ವವನ್ನು ವಿದ್ಯಾರ್ಥಿಗಳಿಗೆ ಇಲ್ಲಿಂದಲೇ ಬೋಧಿಸಬಹುದು. ಆಳುವವನು ತನ್ನ ನಂಬಿಕೆಯನ್ನು ನ್ಯಾಯಪೀಠದ ಮೇಲೆ ತರಕೂಡದು. ಪ್ರಜೆಗಳ ಅಭಿಪ್ರಾಯಗಳು ಒಂದಾಗಬೇಕೆಂದು ಬಲವಂತಪಡಿಸಕೂಡದು. ಅಭಿಪ್ರಾಯ ಬೇರೆಯಾದ ಮಾತ್ರಕ್ಕೆ ಮರ್ಯಾದೆಯಲ್ಲಿ ಹೆಚ್ಚುಕಡಮೆ ಮಾಡಕೂಡದು. ಎಲ್ಲ ಮತಗಳೂ ಒಂದೇ ಎಂಬ ಮಾತನ್ನು ಸಂತರು ಹೇಳಬಹುದು, ಕವಿಗಳು ಹಾಡಬಹುದು; ಅದು ಅವರ ಅನುಭವ. ಆದರೆ ಶಾಲೆಯಲ್ಲಿ ಅದನ್ನು ಮತನಿರಪೇಕ್ಷತೆಯ ಲಕ್ಷಣವೆಂದು ಕಲಿಸಿದರೆ ಒಂದು ಅಪಾಯವುಂಟು. ಮುಂದೊಂದು ದಿನ ಆ ವಿದ್ಯಾರ್ಥಿಯು ನೆರೆಯವನ ಮತವು ತನ್ನದರಂತಿಲ್ಲವೆಂದು ಕಂಡುಕೊಳ್ಳುತ್ತಾನೆ. ಒಂದೇ ಆಗಿದ್ದರೆ ಮಾತ್ರ ಗೌರವ ಸಲ್ಲಬೇಕೆಂದು ಕಲಿತವನು, ಬೇರೆಯೆಂದು ಕಂಡ ದಿನ ಗೌರವವನ್ನು ಹಿಂದಕ್ಕೆ ತೆಗೆದುಕೊಳ್ಳುವನು. ಬೇರೆಯಾಗಿದ್ದರೂ ಸಲ್ಲಬೇಕೆಂದು ಕಲಿತವನಿಗೆ ಆ ಸಂಕಟವಿಲ್ಲ.

ಶಾಸನದಲ್ಲಿ ಪಾಠದವರು ಬಿಡುವ ಇನ್ನೊಂದು ಸಂಗತಿಯಿದೆ. ಅರಸನೆದುರು ಶ್ರೀವೈಷ್ಣವರ ಪಕ್ಷದಲ್ಲಿ ನಿಂತವರ ಪಟ್ಟಿಯಲ್ಲಿ ಆಚಾರ್ಯರ, ಸಾತ್ತ್ವಿಕರ ಹೆಸರುಗಳ ಜೊತೆಗೆ ತಿರುಕುಲದವರೂ ಜಾಂಬವಕುಲದವರೂ ಬರುತ್ತಾರೆ. ಇವು ಸಮಾಜವು ಹೊರಗಿಟ್ಟಿದ್ದ ಕುಲಗಳ ಹೆಸರುಗಳು. ಒಪ್ಪಂದಕ್ಕೆ ಆಚಾರ್ಯರ ಮಾತೊಂದೇ ಸಾಲದು, ಬೀದಿಯಲ್ಲಿ ನಡೆದಾಡುವ ಎಲ್ಲರ ಒಪ್ಪಿಗೆಯೂ ಬೇಕೆಂಬ ವಿವೇಕವು ಇಲ್ಲಿ ಕಾಣುತ್ತದೆ. ದೇವಾಲಯದ ಒಳಗೆ ಅವರಿಗೆ ಎಷ್ಟು ಎಡೆಯಿತ್ತೆಂಬುದು ಬೇರೆಯ ಪ್ರಶ್ನೆ. ಆ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳಿದರೆ ಉಪಾಧ್ಯಾಯರು ಅಳುಕಬೇಕಾಗಿಲ್ಲ.

ಇಷ್ಟು ಹೊಗಳಿದ ಮೇಲೆ, ಹುಡುಗಿಯ ಪ್ರಶ್ನೆಗೆ ಬರಬೇಕು. ಕೈಬಿಟ್ಟರೆ ಗತಿಯೇನು? ಶಾಸನದಲ್ಲಿ ಇದಕ್ಕಿರುವ ಉತ್ತರಗಳು ಎರಡು: ಒಂದು, ರಾಜದ್ರೋಹದ ಭಯ, ಇನ್ನೊಂದು, ಪಾಪದ ಭಯ. ಅರಸನು ಬಲವಾಗಿರುವವರೆಗೆ ಮೊದಲನೆಯದು ನಡೆಯುತ್ತದೆ. ಪಾಪಕ್ಕೆ ಅಂಜುವವರಿರುವವರೆಗೆ ಎರಡನೆಯದು ನಡೆಯುತ್ತದೆ. ಸೂರ್ಯಚಂದ್ರರಿರುವವರೆಗೆ ವೈಷ್ಣವರು ಜೈನ ದರ್ಶನವನ್ನು ಕಾಪಾಡಿಕೊಂಡು ಬರುವರೆಂದು ಶಾಸನವು ಹೇಳುತ್ತದೆ. ಆದರೆ ಕಾಪಾಡದಿದ್ದರೆ ಜೈನನೊಬ್ಬನು ತಾನಾಗಿ ಹೋಗಿ ಕೇಳುವ ಸ್ಥಾನ ಯಾವುದೆಂದು ಹೇಳುವುದಿಲ್ಲ. ಮತ್ತೆ ಅರಸನ ಬಳಿಗೇ ಬಿನ್ನಪ ಒಯ್ಯಬೇಕು. ಬುಸುವಿಸೆಟ್ಟಿಯು ಮತ್ತೆ ಬಿನ್ನವಿಸಿ ಶಾಸನವನ್ನು ಜೀರ್ಣೋದ್ಧಾರ ಮಾಡಿಸಬೇಕಾಗಿ ಬಂದುದೇ ಇದಕ್ಕೆ ಸಾಕ್ಷಿ.

ಒಂದು ಹಣದ ಕಟ್ಟಳೆಯನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಅನ್ಯಾಯಕ್ಕೆ ಗುರಿಯಾದವರು ಜೈನರು. ಕಾವಲಿಗಾಗಿ ಹಣ ಕೊಡಬೇಕಾದವರೂ ಅವರೇ. ಆ ಹಣವು ಹೋಗುವುದು ಎದುರುಪಕ್ಷದ ಹಿರಿಯನ ಕೈಗೆ. ಜೈನರ ಅನುಮತವಿತ್ತೆಂದು ಶಾಸನವು ಹೇಳುತ್ತದೆ; ತಾತಯ್ಯನಂತಹ ಗಣ್ಯನು ಹೊಣೆಹೊತ್ತರೆ ಇತರರು ತಂಟೆಗೆ ಬಾರರೆಂಬ ಲೌಕಿಕ ಜಾಣ್ಮೆಯೂ ಇದರಲ್ಲಿದೆ. ಆ ಕಾಲಕ್ಕೆ ಇದು ಒಳ್ಳೆಯ ಉಪಾಯವೇ ಆಗಿತ್ತು. ಆದರೆ ಇದು ರಕ್ಷಣೆ; ಹಕ್ಕಲ್ಲ. ರಕ್ಷಣೆಯು ಕೊಡುವವನ ಸೌಜನ್ಯವನ್ನು ಅವಲಂಬಿಸಿರುತ್ತದೆ; ಪಡೆಯುವವನು ಎಂದೆಂದಿಗೂ ಉಪಕೃತನಾಗಿಯೇ ಇರಬೇಕಾಗುತ್ತದೆ.

ಈ ಭೇದವು ಕೇವಲ ತರ್ಕದ್ದಲ್ಲವೆಂಬುದನ್ನು ಹಳೇಬೀಡಿನ ಪ್ರಕರಣವು ತೋರಿಸುತ್ತದೆ. ಬುಕ್ಕರಾಯನ ಶಾಸನವಾಗಿ 270 ವರ್ಷಗಳಾದ ಮೇಲೆ, 1638ರಲ್ಲಿ, ಬೇಲೂರಿನ ವೆಂಕಟಾದ್ರಿ ನಾಯಕನ ಕಾಲದಲ್ಲಿ ಒಂದು ವಿವಾದವೆದ್ದಿತು. ಹಳೇಬೀಡಿನ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನೆಂಬವನು ಲಿಂಗಮುದ್ರೆಯನ್ನು ಒತ್ತಿದನು; ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ವೀರಶೈವ ಹಿರಿಯರೂ ಜೈನ ಹಿರಿಯರೂ ಸೇರಿ ಒಡಂಬಡಿಕೆ ಮಾಡಿಕೊಂಡರು. ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಅನಂತರ ತಮ್ಮ ಪೂಜೆ ಪುನಸ್ಕಾರಗಳನ್ನು ಪದ್ಧತಿಯಂತೆ ನಡೆಸಿಕೊಳ್ಳಬಹುದು. ಜೈನಧರ್ಮಕ್ಕೆ ಅಡ್ಡಿ ಮಾಡಿದವನು ಶಿವದ್ರೋಹಿ, ಜಂಗಮದ್ರೋಹಿ. ಬೇಲೂರಿನ ಶಾಸನದಲ್ಲಿ ಇದು ದಾಖಲಾಗಿದೆ.

ಇದನ್ನೂ ಸೌಹಾರ್ದದ ನಿದರ್ಶನವೆಂದು ಎತ್ತಿ ಹೇಳುವವರುಂಟು. ರಕ್ತಪಾತವಿಲ್ಲದೆ ಜಗಳ ತೀರಿತೆಂಬ ಅರ್ಥದಲ್ಲಿ ಅದು ನಿಜ. ತಮ್ಮವನೇ ತಪ್ಪಿದರೂ ಅವನನ್ನು ಶಿವದ್ರೋಹಿಯೆಂದು ಕರೆಯಲು ಒಪ್ಪಿದ ವೀರಶೈವ ಹಿರಿಯರ ನ್ಯಾಯಬುದ್ಧಿಯನ್ನು ನಾವು ಮೆಚ್ಚಬೇಕು. ಆದರೆ ಎರಡು ಶಾಸನಗಳನ್ನೂ ಪಕ್ಕದಲ್ಲಿಟ್ಟು ಓದಿದರೆ ಒಂದು ಇಳಿತವು ಕಣ್ಣಿಗೆ ಬೀಳುತ್ತದೆ. 1368ರಲ್ಲಿ ಜೈನರಿಗೆ ಹಿಂದಿನ ಮರ್ಯಾದೆ ಷರತ್ತಿಲ್ಲದೆ ಸಂದಿತ್ತು. 1638ರಲ್ಲಿ ತಮ್ಮ ಬಸದಿಯಲ್ಲಿ ತಮ್ಮ ದೇವರನ್ನು ಪೂಜಿಸುವುದಕ್ಕೆ ಮುನ್ನ ಅವರು ಇನ್ನೊಂದು ಮತದ ಚಿಹ್ನೆಗೆ ಮರ್ಯಾದೆ ಸಲ್ಲಿಸಬೇಕಾಯಿತು. ನಡುವೆ ವಿಜಯನಗರವು ಅಳಿದಿತ್ತು. ಸೂರ್ಯಚಂದ್ರರು ಇದ್ದರು, ಕೈ ಹಿಡಿಸಿದ ಅರಸನಿರಲಿಲ್ಲ. ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ನಮ್ಮ ನಾಡಿನ ಕಲ್ಲುಗಳೇ ಕೊಟ್ಟ ಉತ್ತರ ಇದು.

ಇಲ್ಲಿ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ಹದಿನಾಲ್ಕನೆಯ ಶತಮಾನದ ಅರಸನನ್ನು ಇಪ್ಪತ್ತನೆಯ ಶತಮಾನದ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ ಎಂದು ಕೆಲವರು ಕೇಳಿಯಾರು. ನ್ಯಾಯವಲ್ಲ, ನಾನು ತೂಗುತ್ತಿರುವುದು ಬುಕ್ಕರಾಯನನ್ನೂ ಅಲ್ಲ. ತನ್ನ ಕಾಲದ ಸಾಧನಗಳಿಂದ ಆತನು ಮಾಡಬಹುದಾದುದನ್ನು ಮಾಡಿದನು. ನಾನು ತೂಗುತ್ತಿರುವುದು ನಮ್ಮ ಪಾಠವನ್ನು. ಆತನ ಉಪಾಯವನ್ನೇ ನಮ್ಮ ಆದರ್ಶದ ಕೊನೆಯ ಮೆಟ್ಟಿಲೆಂದು ಮಕ್ಕಳಿಗೆ ತೋರಿಸಿದರೆ, ಅನಂತರ ನಾವು ಹತ್ತಿದ ಮೆಟ್ಟಿಲನ್ನು ಅವರ ಕಣ್ಣಿನಿಂದ ಮರೆಮಾಡಿದಂತಾಗುತ್ತದೆ.

ಆ ಮೆಟ್ಟಿಲೇ 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನ. ಸಂವಿಧಾನ ರಚನಾ ಸಭೆಯಲ್ಲಿ 1948ರಲ್ಲಿ ಪ್ರೊಫೆಸರ್ ಕೆ. ಟಿ. ಷಾ ಅವರು ಮತನಿರಪೇಕ್ಷವೆಂಬ ವಿಶೇಷಣವನ್ನು ಸೇರಿಸಬೇಕೆಂದು ತಂದ ತಿದ್ದುಪಡಿಯು ಬಿದ್ದುಹೋಯಿತು. 1976ರ ನಲವತ್ತೆರಡನೆಯ ತಿದ್ದುಪಡಿಯಿಂದ ಆ ಪದವು ಪೀಠಿಕೆಗೆ ಸೇರಿತು. ಆದರೆ ಪದ ಬರುವ ಮೊದಲೇ ವಸ್ತುವಿತ್ತು. ಇಪ್ಪತ್ತೈದನೆಯ ಅನುಚ್ಛೇದವು ಅಂತಃಕರಣದ ಸ್ವಾತಂತ್ರ್ಯವನ್ನು ವ್ಯಕ್ತಿಗೆ ಕೊಡುತ್ತದೆ. ಸಮುದಾಯದ ಹಿರಿಯರ ಮೂಲಕ ಕೊಡುವುದಿಲ್ಲ. ಇಪ್ಪತ್ತೇಳನೆಯದರಂತೆ, ಯಾವುದೇ ಒಂದು ಮತದ ಪೋಷಣೆಗೆಂದೇ ಮೀಸಲಾದ ತೆರಿಗೆಯನ್ನು ಕೊಡಬೇಕೆಂದು ಯಾರನ್ನೂ ಬಲವಂತಪಡಿಸಲಾಗದು. ಬಸದಿಗೋ ಮಸೀದಿಗೋ ಇಗರ್ಜಿಗೋ ಕಾವಲು ಬೇಕಾದರೆ ಇಂದು ಆ ಮತದವರ ಮನೆಮನೆಯಿಂದ ಹಣವೆತ್ತುವುದಿಲ್ಲ; ಜನರ ಪ್ರಾಣ ಮಾನಗಳನ್ನು ಕಾಯುವುದು ರಾಜ್ಯದ ಸಾಮಾನ್ಯ ಕರ್ತವ್ಯ. ಮೂವತ್ತೆರಡನೆಯ ಅನುಚ್ಛೇದದಂತೆ, ಮೂಲಭೂತ ಹಕ್ಕಿಗೆ ಭಂಗ ಬಂದಾಗ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗುವುದೂ ಒಂದು ಹಕ್ಕೇ. ಗಂಗೆಯ ತಡಿಯ ಶಾಪವು ಇದ್ದ ಸ್ಥಾನದಲ್ಲಿ ಈಗ ಈ ಅನುಚ್ಛೇದವಿದೆ. ನಮ್ಮ ನಾಡಿನ ಮುಖ್ಯಮಂತ್ರಿಯಾಗಿದ್ದ ಎಸ್. ಆರ್. ಬೊಮ್ಮಾಯಿಯವರ ಹೆಸರಿನಿಂದ ಪ್ರಸಿದ್ಧವಾದ ಮೊಕದ್ದಮೆಯಲ್ಲಿ, 1994ರಲ್ಲಿ, ಮತನಿರಪೇಕ್ಷತೆಯು ಸಂವಿಧಾನದ ಮೂಲಸ್ವರೂಪಕ್ಕೆ ಸೇರಿದುದೆಂದು ಆ ನ್ಯಾಯಾಲಯವು ನಿರ್ಣಯಿಸಿತು.

ಪದದ ವಿಷಯದಲ್ಲಿಯೂ ಎರಡು ಮಾತು ಅವಶ್ಯಕ. ಕನ್ನಡದಲ್ಲಿ ಜಾತ್ಯತೀತ, ಧರ್ಮನಿರಪೇಕ್ಷ, ಸರ್ವಧರ್ಮ ಸಮಭಾವ ಎಂಬ ಮೂರು ಮಾತುಗಳು ಬಳಕೆಯಲ್ಲಿವೆ. ಹಿಂದಿಯ ಸಂವಿಧಾನ ಪಾಠದಲ್ಲಿ ಪಂಥನಿರಪೇಕ್ಷವೆಂದಿದೆ. ಜಾತ್ಯತೀತವೆಂದರೆ ನಮ್ಮ ಮಕ್ಕಳು ಜಾತಿಯನ್ನು ಮೀರುವುದೆಂದು ತಿಳಿಯುತ್ತಾರೆ. ಅದು ದೊಡ್ಡ ಗುಣವೇ ಆದರೂ ಇಲ್ಲಿಯ ಅರ್ಥವನ್ನು ಮುಟ್ಟುವುದಿಲ್ಲ. ಧರ್ಮವೆಂಬ ಶಬ್ದಕ್ಕೆ ನ್ಯಾಯ, ಕರ್ತವ್ಯ, ದಾನ ಎಂಬ ಅರ್ಥಗಳೂ ಇರುವುದರಿಂದ, ಧರ್ಮನಿರಪೇಕ್ಷವೆಂದರೆ ನ್ಯಾಯವನ್ನು ಲೆಕ್ಕಿಸದಿರುವುದೆಂಬ ಅಪಾರ್ಥಕ್ಕೆ ಎಡೆಯಾಗುತ್ತದೆ. ಸರ್ವಧರ್ಮ ಸಮಭಾವವು ಸುಂದರವಾದ ಮಾತು; ಆದರೆ ಯಾವ ಮತವನ್ನೂ ನಂಬದವನಿಗೆ ಅದರಲ್ಲಿ ಸ್ಥಳವೆಲ್ಲಿ? ಈ ಕಾರಣಗಳಿಂದ ನಾನು ಮತನಿರಪೇಕ್ಷತೆ ಎಂಬುದನ್ನೇ ಹಿಡಿದಿದ್ದೇನೆ. 2023ರಲ್ಲಿ ಕರ್ನಾಟಕ ಸರಕಾರವು ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆಯ ವಾಚನವನ್ನು ವಿಧಿಸಿತು; ವಾಚನದ ಜೊತೆಗೆ ಪದಾರ್ಥವೂ ತಿಳಿಯದಿದ್ದರೆ ಪೀಠಿಕೆಯು ಇನ್ನೊಂದು ಬಾಯಿಪಾಠವಾದೀತು.

ಶಾಲೆಗೆ ನೇರವಾಗಿ ಸಂಬಂಧಿಸಿದುದು ಇಪ್ಪತ್ತೆಂಟನೆಯ ಅನುಚ್ಛೇದ. ಪೂರ್ತಿಯಾಗಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಮತಬೋಧೆ ಕೂಡದು. ಸರಕಾರದ ಮನ್ನಣೆಯನ್ನೋ ನೆರವನ್ನೋ ಪಡೆದ ಶಾಲೆಯಲ್ಲಿ ಮತಬೋಧೆಯೋ ಪೂಜೆಯೋ ನಡೆದರೆ, ವಿದ್ಯಾರ್ಥಿಯು ತಾನಾಗಿ ಒಪ್ಪದೆ, ಅಪ್ರಾಪ್ತವಯಸ್ಕನಾದರೆ ಪೋಷಕರು ಒಪ್ಪದೆ, ಅದರಲ್ಲಿ ಭಾಗವಹಿಸಬೇಕೆಂದು ಒತ್ತಾಯಿಸಕೂಡದು. ಹಾಗೆಂದು ಮತಗಳ ವಿಷಯವನ್ನೇ ಎತ್ತಕೂಡದೆಂದಲ್ಲ. ಮತವನ್ನು ಬೋಧಿಸುವುದು ಬೇರೆ, ಮತಗಳನ್ನು ಕುರಿತು ತಿಳಿಸುವುದು ಬೇರೆ ಎಂಬ ವಿವೇಚನೆಯನ್ನು 2002ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಒಪ್ಪಿದೆ. ಕನ್ನಡ ಉಪಾಧ್ಯಾಯನಿಗೆ ಇದು ದೊಡ್ಡ ಆಶ್ವಾಸನೆ. ಇಲ್ಲವಾದರೆ ಪಂಪನನ್ನಾಗಲಿ, ಬಸವಣ್ಣನನ್ನಾಗಲಿ, ಪುರಂದರದಾಸರನ್ನಾಗಲಿ ಪಾಠ ಹೇಳುವುದು ಹೇಗೆ?

ಕೇರಳದ ಒಂದು ಶಾಲೆಯ ಪ್ರಕರಣವನ್ನೂ ಈ ಪಾಠಕ್ಕೆ ಸೇರಿಸಬೇಕೆಂದು ನನ್ನ ಸೂಚನೆ. ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥಕ್ಕೆ ಸೇರಿದ ಮೂವರು ಮಕ್ಕಳು ರಾಷ್ಟ್ರಗೀತೆಯ ಸಮಯದಲ್ಲಿ ಮರ್ಯಾದೆಯಿಂದ ಎದ್ದು ನಿಲ್ಲುತ್ತಿದ್ದರು. ತಮ್ಮ ನಂಬಿಕೆಗೆ ಒಗ್ಗದೆಂದು ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಗೆ ಹಾಕಲಾಯಿತು. 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು, ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು ಬರೆದ ತೀರ್ಪಿನಲ್ಲಿ, ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದು ವಿಧಿಸಿತು. ಆ ಮಕ್ಕಳ ನಂಬಿಕೆ ನಮಗೆ ಒಪ್ಪಿಗೆಯಾಗಬೇಕಾಗಿಲ್ಲ, ನನಗೂ ಒಪ್ಪಿಗೆಯಿಲ್ಲ. ಇಡೀ ಶಾಲೆಯೇ ಒಂದು ಕಡೆಯಾಗಿ ಮೂವರು ಮಕ್ಕಳು ಇನ್ನೊಂದು ಕಡೆಯಾದಾಗ, ಯಾರ ಕೈಯನ್ನೂ ಹಿಡಿಯದೆ ಅವರು ತಮ್ಮ ಕಾಲ ಮೇಲೆ ನಿಲ್ಲುವಂತಾಯಿತು. ರಕ್ಷಣೆಗೂ ಹಕ್ಕಿಗೂ ಇರುವ ಅಂತರವನ್ನು ಹದಿನಾಲ್ಕು ವರ್ಷದ ಮಕ್ಕಳಿಗೆ ಇದಕ್ಕಿಂತ ಸುಲಭವಾಗಿ ತಿಳಿಸುವ ನಿದರ್ಶನವನ್ನು ನಾನರಿಯೆ.

ಹಳೆಯ ಜಗಳಗಳನ್ನು ತರಗತಿಯಲ್ಲಿ ಕೆದಕಿದರೆ ಮಕ್ಕಳಲ್ಲಿ ದ್ವೇಷ ಬೆಳೆದೀತೆಂದು ಹೆದರುವ ತಂದೆತಾಯಿಗಳು ನಮ್ಮ ವಾಚಕರಲ್ಲಿಯೂ ಇರಬಹುದು. ಅವರ ಭಯವನ್ನು ನಾನು ಲಘುವಾಗಿ ಎಣಿಸುವುದಿಲ್ಲ. ಆದರೆ ಮಕ್ಕಳು ಜಗಳವನ್ನು ಅರಿಯದವರಲ್ಲ. ಬೀದಿಯಲ್ಲಿ, ಕೈಯೊಳಗಿನ ಮೊಬೈಲಿನಲ್ಲಿ, ಕೆಲವು ವೇಳೆ ನಮ್ಮ ಮನೆಯ ಊಟದ ಪಂಕ್ತಿಯಲ್ಲಿಯೇ ಅದನ್ನು ಕೇಳುತ್ತಿರುತ್ತಾರೆ. ಅವರಿಗೆ ತಿಳಿಯದಿರುವುದು ಜಗಳವನ್ನು ತೀರಿಸುವ ಬಗೆ. ಶಾಸನವು ಅನ್ಯಾಯವನ್ನು ಅನ್ಯಾಯವೆಂದೇ ಕರೆದು, ಬಳಿಕ ಪರಿಹಾರಕ್ಕೆ ತೊಡಗಿತು. ಅನ್ಯಾಯದ ಮಾತನ್ನು ಅಳಿಸಿ ಪರಿಹಾರವನ್ನು ಮಾತ್ರ ಓದಿಸಿದರೆ, ಏತಕ್ಕೆ ಪರಿಹಾರವೆಂದು ಮಗುವಿಗೆ ತಿಳಿಯುವುದು ಹೇಗೆ?

ಆದುದರಿಂದ ಬೆಳ್ಗೊಳದ ಶಾಸನವನ್ನು ಪಾಠದಿಂದ ತೆಗೆಯಬೇಕೆಂದು ನಾನು ಹೇಳುವುದಿಲ್ಲ. ಪೂರ್ತಿಯಾಗಿ ಓದಿಸಬೇಕೆಂದು ಹೇಳುತ್ತೇನೆ. ಬಡಬಾಗ್ನಿಯ ಶ್ಲೋಕವನ್ನೂ, ಒಂದು ಹಣದ ಕಟ್ಟಳೆಯನ್ನೂ, ಶಾಪವನ್ನೂ ಬಿಡದೆ ಓದಿಸಲಿ. ಅದರ ಪಕ್ಕದಲ್ಲಿ 1638ರ ಒಡಂಬಡಿಕೆಯನ್ನಿಡಲಿ. ಅದರ ಪಕ್ಕದಲ್ಲಿ ಸಂವಿಧಾನದ ಈ ಅನುಚ್ಛೇದಗಳನ್ನಿಡಲಿ. ಮೂರರಲ್ಲಿಯೂ ಕೊಡುವವರು ಯಾರು, ಪಡೆಯುವವರು ಯಾರು, ಕೊಟ್ಟ ಮಾತು ತಪ್ಪಿದರೆ ಕೇಳುವವರು ಯಾರು ಎಂದು ಮಕ್ಕಳೇ ಪಟ್ಟಿ ಮಾಡಲಿ. ಮತನಿರಪೇಕ್ಷತೆಯು ಪಶ್ಚಿಮದಿಂದ ತಂದ ಸರಕೆಂದು ಹಳಿಯುವವರಿಗೂ, ಅದೆಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಬೀಗುವವರಿಗೂ ಆ ಪಟ್ಟಿಯೇ ಸಾಕಾದ ಉತ್ತರ. ಬೇರು ಇಲ್ಲಿತ್ತು, ಫಲ ಬಿಡುವುದಕ್ಕೆ ಬಹುಕಾಲ ಹಿಡಿಯಿತು, ಕಾಯದಿದ್ದರೆ ಫಲವು ಉಳಿಯುವುದೂ ಇಲ್ಲ.

ಆ ಹುಡುಗಿಯು ಈಗ ಎಲ್ಲಿರುವಳೋ ನಾನರಿಯೆ. ಸಿಕ್ಕಿದ್ದರೆ ಹೀಗೆ ಹೇಳುತ್ತಿದ್ದೆನು: “ಮಗು, ನೀನು ಕೇಳಿದುದೇ ಸರಿಯಾದ ಪ್ರಶ್ನೆ. ಅವರು ಕೈಬಿಟ್ಟದ್ದೂ ಉಂಟು. ಅದಕ್ಕಾಗಿಯೇ ನಿನ್ನ ಕೈಯನ್ನು ಯಾರ ಕೈಯಲ್ಲಿಯೂ ಇಡಬೇಕಾಗದಂತೆ ಒಂದು ಕಟ್ಟಳೆಯನ್ನು ಮಾಡಿಕೊಂಡಿದ್ದೇವೆ. ಅದೂ ಬರಹವೇ, ಓದುವವರೂ ಕೇಳುವವರೂ ಇರುವವರೆಗೆ ನಡೆಯುತ್ತದೆ. ನೀನು ಎದ್ದು ನಿಂತು ಕೇಳಿದುದು ಅದರ ಮೊದಲ ಪಾಠ. ಅಂದು ಕೂರಿಸಿದುದು ನನ್ನ ತಪ್ಪು.” ಇದನ್ನು ಓದುವ ಉಪಾಧ್ಯಾಯರಲ್ಲಿ ನನ್ನ ಅರಿಕೆಯೂ ಇಷ್ಟೇ: ಅಂತಹ ಪ್ರಶ್ನೆ ನಿಮ್ಮ ತರಗತಿಯಲ್ಲಿ ಎದ್ದರೆ, ಗಂಟೆ ಬಾರಿಸಿದರೂ ಚಿಂತೆಯಿಲ್ಲ, ಅದನ್ನು ಕೂರಿಸಬೇಡಿರಿ.